ಮೊದಲ ಗಿಟಾರ್ ಕಟ್ಟಿದ ನನ್ನ ಅನುಭವ: ಮರಕ್ಕಿಂತ ಮುಂಚೆ ತೇವ ನೋಡ್ಕೊಳ್ಳಿ

ಅಕೂಸ್ಟಿಕ್ ಗಿಟಾರ್ ಮನೇಲೇ ಕಟ್ಟಬೇಕು ಅಂದ್ಕೊಂಡೋರು ಮೊದಲು ಕೇಳೋದು ಯಾವ ಮರ ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಗಿಟಾರ್ ಪೆಟ್ಟಿಗೆಯ ಬ್ಯಾಕ್ ಮತ್ತೆ ಸೈಡ್ಸ್‌ಗೆ ಪ್ರಪಂಚದವರೆಲ್ಲ ಹುಡುಕೋ ಬೀಟೆ ಮರ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತೆ, ಬ್ರೆಜಿಲ್ ರೋಸ್‌ವುಡ್ ಸಿಗೋದು ಕಷ್ಟ ಆದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಇಂಡಿಯನ್ ರೋಸ್‌ವುಡ್ ಅಂತ ಹಿಡ್ಕೊಂಡಿದ್ದು ಇದನ್ನೇ. ಆದ್ರೆ ಇದು ಅರಣ್ಯ ಇಲಾಖೆ ಕಾಯೋ ಮರ, ಬಿಲ್ಲು ಪರ್ಮಿಟ್ಟು ಇಲ್ದೆ ಯಾರೋ ಕೊಟ್ರು ಅಂತ ತಗೋಬೇಡಿ. ನಾನು ಸಾಮಿಲ್‌ನಲ್ಲಿ ಬಿಲ್ ಸಮೇತ ಒಂದು ಹಲಗೆ ತಗೊಂಡು ಬ್ಯಾಂಡ್ ಸಾನಲ್ಲಿ ಸೀಳಿಸ್ದೆ, ಪುಸ್ತಕ ಬಿಚ್ಚಿದ ಹಾಗೆ ಎರಡು ಭಾಗ ಪಕ್ಕಪಕ್ಕ ಬಂತು, ಆ ಗೆರೆ ನೋಡಿ ಅವತ್ತು ರಾತ್ರಿ ನಿದ್ದೆನೇ ಬರಲಿಲ್ಲ. ಟಾಪ್‌ಗೆ, ಅಂದ್ರೆ ಪೆಟ್ಟಿಗೆಯ ಮುಂಭಾಗದ ಹಲಗೆಗೆ, ಸಿಟ್ಕಾ ಸ್ಪ್ರೂಸ್ ಹೊರಗಡೆಯಿಂದ ತರಿಸ್ದೆ, ನೆಕ್‌ಗೆ ಮಹಾಗನಿ.

ಕೆಲಸ ಶುರು ಮಾಡೋಕೆ ಬಿಡದೇ ಇದ್ದಿದ್ದು ನಮ್ಮ ಬೀದಿ ಆಚಾರಿ. ಬಾಗಿಲು ಕಿಟಕಿ ಮಾಡೋರು, ಗಿಟಾರ್ ಮುಟ್ಟಿದವರಲ್ಲ, ಆದ್ರೆ ಹಲಗೆ ಕೈಗೆತ್ತಿಕೊಂಡ ತಕ್ಷಣ ಇದು ಇನ್ನೂ ಮಳೆಗಾಲ ಕುಡಿದಿದೆ, ಸ್ವಲ್ಪ ದಿನ ಕಾಯಿ ಅಂದ್ರು. ಅದರ ಅರ್ಥ ಆಮೇಲೆ ಬಿಡಿಸಿ ನೋಡ್ದೆ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಹಿಗ್ಗಲ್ಲ ಕುಗ್ಗಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತೆ. ಬ್ಯಾಕ್ ಹಲಗೆ ಇರೋದು 2.5 ಮಿ.ಮೀ. ದಪ್ಪ, ಅದರ ಒಳಗೆ ಬಲಕ್ಕೆ ಅಂಟಿಸೋ ಮರದ ಪಟ್ಟಿ, ಅಂದ್ರೆ ಬ್ರೇಸ್, ಅಡ್ಡಕ್ಕೆ ಕೂರುತ್ತೆ, ಅಂದ್ರೆ ಹಲಗೆ ಕುಗ್ಗೋ ದಿಕ್ಕಿನಲ್ಲೇ ಬ್ರೇಸ್ ಕುಗ್ಗದೆ ನಿಂತಿರುತ್ತೆ. ಬೆಂಗಳೂರಲ್ಲಿ ಜುಲೈ ಆಗಸ್ಟ್ ತಿಂಗಳು ಗಾಳಿಯ ತೇವ 80-90 ಪರ್ಸೆಂಟ್, ಮಾರ್ಚ್ ಮಧ್ಯಾಹ್ನ 30ಕ್ಕೂ ಇಳಿಯುತ್ತೆ. ಮಳೆಗಾಲದಲ್ಲಿ ಅಂಟಿಸಿದ್ರೆ ಮಾರ್ಚ್‌ನಲ್ಲಿ ಹಲಗೆ ಕುಗ್ಗೋಕೆ ಜಾಗ ಇಲ್ದೆ ಸೀಳುತ್ತೆ. ಒಣಗಿದಾಗ ಅಂಟಿಸಿದ್ರೆ ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತೆ, ಆಕ್ಷನ್, ಅಂದ್ರೆ ನೆಕ್‌ನಿಂದ ಸ್ಟ್ರಿಂಗ್‌ನ ಎತ್ತರ, ಒಂಚೂರು ಏರುತ್ತೆ ಅಷ್ಟೇ, ಸೀಳಲ್ಲ. ಹೊರದೇಶದಲ್ಲಿ ಗಿಟಾರ್ ಕಟ್ಟೋರು ರೂಮಿನ ತೇವ 45 ಪರ್ಸೆಂಟ್ ಸುಮಾರಿಗೆ ಇಟ್ಕೊಂಡು ಅಂಟಿಸೋದು ಇದಕ್ಕೇ.

ಹಾಗಾಗಿ ಉಳಿ, ತೋಪಡಕ್ಕಿಂತ ಮುಂಚೆ ನಾನು ತಗೊಂಡಿದ್ದು ಗಾಳಿಯ ತೇವ ಅಳೆಯೋ ಒಂದು ಹೈಗ್ರೋಮೀಟರ್. ಅಗ್ಗದ್ದೇ ಸಾಕು, ಆದ್ರೆ ಅದು ಹೇಳೋದನ್ನ ಹಂಗೇ ನಂಬಬೇಡಿ, ಮುಚ್ಚಳ ಬಿಗಿ ಇರೋ ಡಬ್ಬಿಲಿ ಅಡುಗೆ ಉಪ್ಪಿಗೆ ನೀರು ಚುಮುಕಿಸಿ ಒದ್ದೆ ಮರಳಿನ ಥರ ಮಾಡಿ ಪಕ್ಕದಲ್ಲಿ ಮೀಟರ್ ಇಟ್ಟು ರಾತ್ರಿಯೆಲ್ಲ ಬಿಟ್ರೆ ಬೆಳಿಗ್ಗೆ 75 ತೋರಿಸಬೇಕು, ಎಷ್ಟು ಆಚೀಚೆ ಇದೆಯೋ ಅಷ್ಟು ಬರೆದು ಮೀಟರ್ ಹಿಂದೆ ಅಂಟಿಸಿಡಿ. ಹಲಗೆಗಳನ್ನ ಒಂದು ಹಳೇ ಬೀರುವಲ್ಲಿ ಮಧ್ಯೆ ಪಟ್ಟಿ ಕೊಟ್ಟು ಜೋಡಿಸಿ ಆಗಾಗ ಅಡುಗೆಮನೆ ತಕ್ಕಡಿಲಿ ತೂಗ್ತಿದ್ದೆ, ತೂಕ ಇಳಿಯೋದು ನಿಂತ ಮೇಲೇನೇ ಮುಂದಿನ ಕೆಲಸ.

ಟಾಪ್ ಅಂತೂ ನನಗೆ ಬಹಳ ಖುಷಿ ಕೊಟ್ಟ ಭಾಗ. 3 ಮಿ.ಮೀ. ಹತ್ರ ಬಂದ ಮೇಲೆ ನಿಧಾನಕ್ಕೆ ತೆಗೀತಾ ಹೋಗ್ಬೇಕು, ಎರಡೂ ಕೈಲಿ ಅಡ್ಡಕ್ಕೆ ಬಗ್ಗಿಸಿ ನೋಡಿ, ಬೆರಳ ತುದಿಯಲ್ಲಿ ಹಿಡ್ಕೊಂಡು ತಟ್ಟಿ ಕೇಳಿ, ಮತ್ತೆ ತೋಪಡದ ಒಂದೆರಡು ಎಳೆತ. ಅಳತೆ ಒಂದನ್ನೇ ನಂಬೋಕಾಗಲ್ಲ ಯಾಕಂದ್ರೆ ಒಂದು ಸ್ಪ್ರೂಸ್ ಇದ್ದಂಗೆ ಇನ್ನೊಂದು ಇರಲ್ಲ. ಲೈಟ್ ಗೇಜ್ ಸ್ಟ್ರಿಂಗ್ಸ್ ಆರೂ ಸೇರಿ 70 ಕೆ.ಜಿ. ಮೇಲೆ ಎಳೀತವೆ, ಅದನ್ನ ಹೊರೋದು ಈ ತೆಳು ಹಲಗೆ ಮತ್ತೆ ಅದರ ಕೆಳಗಿರೋ ಎಕ್ಸ್ ಆಕಾರದ ಬ್ರೇಸ್. ಅಂಟಿಸೋಕೆ ದುಬಾರಿ ಕ್ಲಾಂಪ್ ಬೇಡ, ಮೇಲೊಂದು ಕೆಳಗೊಂದು ಪ್ಲೈವುಡ್ ಹಾಕಿ ಮಧ್ಯೆ ಬಿದಿರು ಸೀಳನ್ನ ಬಗ್ಗಿಸಿ ನಿಲ್ಲಿಸಿದ್ರೆ ಬ್ರೇಸ್ ಗಟ್ಟಿಯಾಗಿ ಒತ್ಕೊಂಡಿರುತ್ತೆ. ಬೀಟೆಯಲ್ಲಿ ಎಣ್ಣೆ ಅಂಶ ಇದೆ, ಅಂಟು ಹಚ್ಚೋಕೆ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಅದರ ಧೂಳು ಕೆಲವರಿಗೆ ಚರ್ಮಕ್ಕೆ, ಉಸಿರಿಗೆ ಆಗಲ್ಲ, ಮಾಸ್ಕ್ ಇಲ್ದೆ ಉಜ್ಜಲೇಬೇಡಿ.

ಸೈಡ್ಸ್ ಬಗ್ಗಿಸೋದಕ್ಕೆ ಎಲ್ಲರೂ ಹೆದರ್ತಾರೆ, ಅಷ್ಟೇನಿಲ್ಲ. 2 ಮಿ.ಮೀ.ಗೆ ಇಳಿಸಿ, ಕಬ್ಬಿಣದ ಪೈಪ್ ಒಳಗೆ ಹೀಟ್ ಗನ್ ಇಟ್ಟು, ನೀರಿನ ಹನಿ ಹಾಕಿದ್ರೆ ಕುಣಿದು ಹಾರೋಷ್ಟು ಕಾದ ಮೇಲೆ ಒದ್ದೆ ಪಟ್ಟಿನ ಮೆಲ್ಲಗೆ ಒತ್ತಿ, ಮರ ತಾನೇ ಸಡಿಲ ಆಗೋದು ಕೈಗೆ ಗೊತ್ತಾಗುತ್ತೆ. ಮೊದಲು ಚೂರು ಪಟ್ಟಿಗಳಲ್ಲಿ ಕೈ ಪಳಗಿಸಿ. ನೆಕ್ ಪಕ್ಕದಲ್ಲಿ ಪೆಟ್ಟಿಗೆ ಒಳಕ್ಕೆ ಬಾಗೋ ಕಟ್‌ಅವೇ ಆಸೆ ಈಗ ಬೇಡ.

ನೆಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಮೊದಲನೇ ಗಿಟಾರ್‌ಗೆ ಬೋಲ್ಟ್ ಹಾಕೋ ಜಾಯಿಂಟೇ ಇರಲಿ, ಕೋನ ಸರಿ ಇಲ್ಲ ಅನ್ನಿಸಿದ್ರೆ ಬಿಚ್ಚಿ ಮತ್ತೆ ಕೂರಿಸ್ಬಹುದು. ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು) ಮೇಲೆ ಉದ್ದ ಅಳತೆಪಟ್ಟಿ ಇಟ್ರೆ ಅದರ ತುದಿ ಟಾಪ್ ಮೇಲೆ ಸ್ಟ್ರಿಂಗ್ ಕಟ್ಟೋ ಮರದ ತುಂಡು, ಅಂದ್ರೆ ಬ್ರಿಡ್ಜ್, ಅದರ ಮೇಲ್ಭಾಗಕ್ಕೆ ಸವರ್ಕೊಂಡು ಹೋಗ್ಬೇಕು, ಅದರಲ್ಲಿ ಸಿಕ್ಕಿಸಿ ಸ್ಟ್ರಿಂಗ್ ಹೊರೋ ಸ್ಯಾಡಲ್ ಎತ್ತರ ಅಲ್ಲ, ಬ್ರಿಡ್ಜ್ ಮಾತ್ರ. ಫ್ರೆಟ್ ಲೆಕ್ಕ ಸುಲಭ, ಉಳಿದ ಉದ್ದನ ಪ್ರತಿ ಸಲ 17.817ರಿಂದ ಭಾಗಿಸಿ, 645 ಮಿ.ಮೀ. ಸ್ಕೇಲ್‌ಗೆ (ಮೀಟೋ ಸ್ಟ್ರಿಂಗ್‌ನ ಲೆಕ್ಕದ ಉದ್ದ) ಮೊದಲ ಫ್ರೆಟ್ 36.2 ಮಿ.ಮೀ.ಗೆ ಬರುತ್ತೆ, ಆದ್ರೆ ಗುರುತು ಹಾಕುವಾಗ ಎಲ್ಲವನ್ನೂ ನೆಕ್ ತುದಿಯಲ್ಲಿ ಸ್ಟ್ರಿಂಗ್ ಕೂರೋ ಪಟ್ಟಿ, ಅಂದ್ರೆ ನಟ್‌ನಿಂದಲೇ ಅಳೀರಿ, ಒಂದರಿಂದ ಇನ್ನೊಂದಕ್ಕೆ ಅಳೆದ್ರೆ ತಪ್ಪು ಕೂಡ್ತಾ ಹೋಗುತ್ತೆ. ನಾನು ಫ್ರೆಟ್ ಕೂರೋ ಸೀಳುಗಳನ್ನ ಮೊದಲೇ ಕೊರೆದಿದ್ದ ಫಿಂಗರ್‌ಬೋರ್ಡೇ (ನೆಕ್ ಮೇಲೆ ಅಂಟಿಸೋ ಹಲಗೆ) ತಗೊಂಡಿದ್ದು, ಹೊಸಬರಿಗೆ ಅದೇ ಒಳ್ಳೇದು.

ಪಾಲಿಶ್‌ಗೆ ಶೆಲ್ಯಾಕ್ ಹಾಕ್ದೆ, ನಮ್ಮ ಅರಗೇ ಅದು, ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಲ್ಲಿ ತೆಳ್ಳಗೆ ಉಜ್ಜೋದು. ಇದನ್ನೂ ಮಳೆ ಹಿಡಿದ ದಿನ ಮಾಡ್ಬೇಡಿ, ಬೆಳ್ಳಗೆ ಮಂಜು ಕಟ್ಟುತ್ತೆ.

ಸ್ಟ್ರಿಂಗ್ ಹಾಕಿದ ತಕ್ಷಣ ಸ್ಯಾಡಲ್ ಉಜ್ಜೋಕೆ ಹೋಗ್ಬೇಡಿ. ಒಂದು ವಾರ ಟ್ಯೂನ್‌ನಲ್ಲೇ ಇಡಿ, ಆ ಎಳೆತಕ್ಕೆ ಟಾಪ್ ಸ್ವಲ್ಪ ಎದ್ದು ತನ್ನ ಜಾಗ ಹುಡುಕ್ಕೊಳ್ಳುತ್ತೆ, ಆಮೇಲೆ 12ನೇ ಫ್ರೆಟ್ ಹತ್ರ ದಪ್ಪ ಸ್ಟ್ರಿಂಗ್ 2.5, ತೆಳು ಸ್ಟ್ರಿಂಗ್ 2 ಮಿ.ಮೀ. ಸುಮಾರಿಗೆ ತನ್ನಿ. ನಾನು ಮಳೆಗಾಲಕ್ಕೆ ಒಂದು, ಬೇಸಿಗೆಗೆ ಚೂರು ಎತ್ತರದ್ದು ಒಂದು ಅಂತ ಎರಡು ಮೂಳೆ ಸ್ಯಾಡಲ್ ಮಾಡಿಟ್ಕೊಂಡಿದ್ದೀನಿ.