ಜಠರದ ಕ್ಯಾನ್ಸರ್: ನಾನು ಮೊದಲು ನೋಡುವುದು ಗಡ್ಡೆಯ ಸುತ್ತ

ಪ್ಯಾಥಾಲಜಿಸ್ಟ್ ಆದ ನನ್ನ ಮೈಕ್ರೋಸ್ಕೋಪಿನಡಿ ಜಠರದ ಕ್ಯಾನ್ಸರ್ ಸ್ಲೈಡ್ ಬಂದರೆ ಕಣ್ಣು ಮೊದಲು ಹೋಗುವುದು ಗಡ್ಡೆಯ ಅಂಚಿಗೆ. ಅಲ್ಲಿ ಲಿಂಫೋಸೈಟ್‌ಗಳು (ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳು) ಮುತ್ತಿಕೊಂಡಿವೆಯೋ, ಬಿಕೋ ಎನ್ನುತ್ತಿದೆಯೋ ಎಂಬುದು ಚಿಕ್ಕ ಲೆನ್ಸಿನಲ್ಲೇ ತಿಳಿಯುತ್ತದೆ. ಗಡ್ಡೆ ಎಷ್ಟು ಆಳಕ್ಕಿಳಿದಿದೆ, ಎಷ್ಟು ದುಗ್ಧಗ್ರಂಥಿಗಳಿಗೆ ಹಬ್ಬಿದೆ ಎಂಬುದೇ ಇಂದಿಗೂ ರೋಗದ ಹಂತ ಹೇಳುವುದು, ನಿಜ. ಆದರೂ ಒಂದೇ ಹಂತದ ಇಬ್ಬರಲ್ಲಿ ರೋಗ ಬೇರೆ ಬೇರೆ ದಾರಿ ಹಿಡಿಯುವುದುಂಟು. ಅದಕ್ಕೆ ಒಂದು ಕಾರಣ ಈ ರಕ್ಷಣಾ ಕೋಶಗಳು.

ಹಾಗೆಂದು ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಗಡ್ಡೆಯ ಒಳಗೇ ನುಗ್ಗಿದ ಸಿಡಿ8 ಟಿ-ಕೋಶಗಳು (ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಲಿಂಫೋಸೈಟ್) ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಆದರೆ ನುಂಗುವ ಕೆಲಸದ ರಕ್ಷಣಾ ಕೋಶಗಳಾದ, ಸಿಡಿ163 ಎಂಬ ಪ್ರೋಟೀನಿನ ಬಣ್ಣ ಹಿಡಿಯುವ ಮ್ಯಾಕ್ರೋಫೇಜ್‌ಗಳು ಹೆಚ್ಚಾಗಿ ಗಡ್ಡೆಯ ಪರವೇ ದುಡಿಯುತ್ತವೆ: ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಟಿ-ಕೋಶಗಳನ್ನು ಅದುಮುತ್ತವೆ.

ಜಠರದಲ್ಲಿ ಇನ್ನೊಂದು ತೊಡಕಿದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ವರ್ಷಗಟ್ಟಲೆ ಉಳಿದಾಗ ಒಳಪೊರೆಯ ತುಂಬ ಲಿಂಫೋಸೈಟ್, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಿರುತ್ತವೆ. ಆ ದೀರ್ಘ ಉರಿಯೂತವೇ ಎಷ್ಟೋ ಜನರಲ್ಲಿ ಕ್ಯಾನ್ಸರಿಗೆ ದಾರಿ ಮಾಡಿರುತ್ತದೆ. ಹಾಗಾಗಿ ಪಿಡಿ-ಎಲ್1 (ಟಿ-ಕೋಶಗಳನ್ನು ತಡೆಯುವ ಪ್ರೋಟೀನು) ಬಣ್ಣದ ಸ್ಲೈಡಿನಲ್ಲಿ ಸಿಪಿಎಸ್ ಅಂಕ, ಅಂದರೆ ಆ ಬಣ್ಣ ಹಿಡಿದ ಕೋಶಗಳ ಪ್ರಮಾಣ, ಹಾಕುವಾಗ ಪಕ್ಕದ ಉರಿಯೂತದ, ಅಂದರೆ ಗ್ಯಾಸ್ಟ್ರೈಟಿಸ್‌ನ ಕೋಶಗಳನ್ನು ಬಿಟ್ಟು, ಗಡ್ಡೆಯೊಳಗಿನ ಮತ್ತು ಅದಕ್ಕೆ ತಾಗಿದ ಸ್ಟ್ರೋಮಾದ (ಆಧಾರ ಅಂಗಾಂಶದ) ಕೋಶಗಳನ್ನಷ್ಟೇ ಎಣಿಸುತ್ತೇನೆ. ಬಣ್ಣ ಹಿಡಿದ ಕ್ಯಾನ್ಸರ್ ಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್ ಇಷ್ಟನ್ನೂ ಕೂಡಿಸಿ, ಜೀವಂತ ಕ್ಯಾನ್ಸರ್ ಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸುವುದು. ಕೀವಿನಲ್ಲಿ ತುಂಬಿರುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್, ಪ್ಲಾಸ್ಮಾ ಕೋಶ ಲೆಕ್ಕಕ್ಕಿಲ್ಲ. ಹುಣ್ಣಿನ ತಳದ ಕೀವು ಕಣ್ಣು ತಪ್ಪಿಸುವ ಜಾಗ. ಅಲ್ಲಿ ಎಚ್‌ಅಂಡ್‌ಇ (ಮಾಮೂಲಿ ಬಣ್ಣದ) ಸ್ಲೈಡನ್ನು ಪಕ್ಕದಲ್ಲಿಟ್ಟುಕೊಂಡೇ ನೋಡುತ್ತೇನೆ.

ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶಗಳಿಲ್ಲದಿದ್ದರೆ ಅಂಕವನ್ನೇ ಕೊಡುವುದಿಲ್ಲ, ಮತ್ತೆ ಬಯಾಪ್ಸಿ ಕೇಳುತ್ತೇನೆ. ಎಂಡೋಸ್ಕೋಪಿ ಮಾಡುವವರಲ್ಲಿ ನನ್ನ ಕೋರಿಕೆ ಒಂದೇ: ಆರೆಂಟು ತುಣುಕು ಕಳಿಸಿ, ತೆಗೆದ ಕೂಡಲೇ ಫಾರ್ಮಲಿನ್‌ಗೆ ಹಾಕಿ. ಈ ಅಂಕದ ಮೇಲೆ ಚಿಕಿತ್ಸೆ ನಿಂತಿದೆ. 2021ರಲ್ಲಿ ಪ್ರಕಟವಾದ ಚೆಕ್‌ಮೇಟ್ 649 ಅಧ್ಯಯನದಲ್ಲಿ ಸಿಪಿಎಸ್ 5 ಅಥವಾ ಹೆಚ್ಚಿದ್ದವರಿಗೆ ಕೀಮೋ ಜೊತೆ ನಿವೊಲುಮಾಬ್ (ರಕ್ಷಣಾ ಕೋಶಗಳ ಮೇಲಿನ ತಡೆ ತೆಗೆಯುವ ಇಮ್ಯುನೊಥೆರಪಿ ಔಷಧ) ಕೊಟ್ಟಾಗ ಆಯಸ್ಸು ಹೆಚ್ಚಿತು.

ಲಿಂಫೋಸೈಟ್‌ಗಳ ನಡುವೆ ಕ್ಯಾನ್ಸರ್ ಕೋಶಗಳನ್ನೇ ಹುಡುಕಬೇಕಾದಂಥ ಸ್ಲೈಡ್ ಬಂದರೆ ಎಪ್‌ಸ್ಟೈನ್-ಬಾರ್ ವೈರಸ್ಸಿನ ಪರೀಕ್ಷೆಯನ್ನೂ ಎಂಎಲ್‌ಎಚ್1 ಸೇರಿದಂತೆ ನಾಲ್ಕು ಎಂಎಂಆರ್ (ಡಿಎನ್‌ಎ ನಕಲಿನ ತಪ್ಪು ತಿದ್ದುವ) ಪ್ರೋಟೀನುಗಳ ಪರೀಕ್ಷೆಯನ್ನೂ ಬರೆಯುತ್ತೇನೆ. ಗಡ್ಡೆಯಲ್ಲಿ ಆ ವೈರಸ್ ಇರುವವರು, ಎಂಎಂಆರ್ ಕಳೆದುಕೊಂಡವರು, ಈ ಎರಡು ಗುಂಪುಗಳ ರೋಗಿಗಳ ಮುನ್ನೋಟ ಸಾಮಾನ್ಯವಾಗಿ ಉಳಿದವರಿಗಿಂತ ಉತ್ತಮ. ಎಂಎಂಆರ್ ಕಳೆದುಕೊಂಡ ಗಡ್ಡೆಗಳಂತೂ ಇಮ್ಯುನೊಥೆರಪಿಗೆ ಚೆನ್ನಾಗಿ ಬಗ್ಗುತ್ತವೆ. ಅಂಥ ಫಲಿತಾಂಶ ಬಂದ ದಿನ ರಿಪೋರ್ಟ್ ಟೈಪ್ ಆಗುವವರೆಗೂ ಕಾಯದೆ ಆಂಕಾಲಜಿಸ್ಟ್‌ಗೆ ನೇರವಾಗಿ ಫೋನ್ ಮಾಡುತ್ತೇನೆ.