ಕಣ್ಣು ಮಂಜಾದವರಿಗೆ ಓದಿ ಹೇಳುವುದು ಹೇಗೆ

ಅಪ್ಪನಿಗೆ ಅಕ್ಷರ ಕಾಣದಾದ ಮೇಲೆ ಸಂಜೆ ಹೊತ್ತು ನಾನೇ ಓದಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಇವತ್ತೇ ಶುರುಮಾಡಿ.

ಪುಸ್ತಕವನ್ನು ಅವರೇ ಆರಿಸಲಿ. ಜೀವನಪೂರ್ತಿ ಓದಿದವರ ರುಚಿ ಕಣ್ಣಿನ ಜೊತೆ ಮಂಜಾಗುವುದಿಲ್ಲ. ಟಿವಿ, ಫ್ಯಾನು ನಿಲ್ಲಿಸಿ, ಎದುರಿಗೇ ಕೂತುಕೊಳ್ಳಿ. ವಯಸ್ಸಾದಂತೆ ಕಿವಿಗೆ ಸಾಮಾನ್ಯವಾಗಿ ಮೊದಲು ಕೇಳದಾಗುವುದು ತೆಳು, ಕೀರಲು ಸದ್ದುಗಳು. ‘ಸ’, ‘ಶ’ ಕಲಸಿಹೋಗುತ್ತವೆ. ಅದಕ್ಕೇ ಕೂಗಬೇಡಿ. ದನಿಯ ಶ್ರುತಿಯನ್ನು ಕೊಂಚ ಕೆಳಗಿಳಿಸಿ (ಸದ್ದನ್ನಲ್ಲ), ಪದದ ಕೊನೆ ನುಂಗದೆ, ನಿಧಾನವಾಗಿ ಓದಿ. ಹೊಸ ಪಾತ್ರ ಬಂದಾಗ ಹೆಸರನ್ನು ಎರಡು ಸಲ ಹೇಳಿ, ಕೇಳುವವರು ಪುಟ ಹಿಂದೆ ತಿರುಗಿಸಿ ನೋಡುವಂತಿಲ್ಲವಲ್ಲ. ಇದೇ ಕಾರಣಕ್ಕೆ ನಾನು ಪ್ರತಿ ಸಂಜೆ ಹಿಂದಿನ ದಿನದ ಕೊನೆಯ ಪ್ಯಾರಾದಿಂದಲೇ ಆರಂಭಿಸುವುದು.

ನಡುವೆ ಅವರು ಮಾತು ತೆಗೆದರೆ ಪುಸ್ತಕ ಮಡಚಿ ಕೇಳಿ. ಅಪ್ಪ ಒಂದೇ ಸಾಲಿನ ನೆಪದಲ್ಲಿ ತಮ್ಮ ಬಾಲ್ಯಕ್ಕೆ ಹೋಗಿಬಿಡುತ್ತಾರೆ. ಆ ದಿನ ಪುಟ ಮುಂದೆ ಸರಿಯದಿದ್ದರೂ ನನಗೆ ಅದು ಅತ್ಯುತ್ತಮ ಓದು. ನಿದ್ದೆ ತೂಗಿದರೆ ಗುರುತಿಟ್ಟು ನಿಲ್ಲಿಸಿ.

ನೀವಿಲ್ಲದ ಹೊತ್ತಿಗೆ ಆಡಿಯೋ ಪುಸ್ತಕ ಹಾಕಿಕೊಡಿ, ವೇಗ ತಗ್ಗಿಸುವುದು ಹೇಗೆಂದು ಕೈಹಿಡಿದು ತೋರಿಸಿ.