ಹಸಿ ಅಂಟಿನಲ್ಲೇ ಓಡಿಸಿದೆ, ಆಮೇಲೆ ಹಳಿ ತಪ್ಪಲಿಲ್ಲ

"ಟ್ಯೂಬ್ ಅಂಟಾ? ಅದು ಎಂಟು ವರ್ಷದ ಹುಡುಗರಿಗೆ." ನಮ್ಮ ಮಾಡೆಲ್ ರೈಲು ಕ್ಲಬ್ಬಿನಲ್ಲಿ, ಪ್ಲಾಸ್ಟಿಕ್ ಕಿಟ್ಟಿನ ವ್ಯಾಗನ್ನುಗಳನ್ನು ನಿಧಾನಕ್ಕೆ ಒಣಗುವ ಟ್ಯೂಬ್ ಅಂಟಿನಲ್ಲಿ ಕಟ್ಟುವ ನನ್ನ ಐಡಿಯಾ ಹೇಳಿದ ದಿನ ಸಿಕ್ಕ ಉತ್ತರ ಇದು. ಎರಡೂವರೆ ವರ್ಷದ ಹಿಂದಿನ ಮಾತು. ಹೋದ ತಿಂಗಳ ಪ್ರದರ್ಶನದಲ್ಲಿ ನನ್ನ 24 ಕಲ್ಲಿದ್ದಲು ವ್ಯಾಗನ್‌ಗಳು, ಹಿಂದೊಂದು ಬ್ರೇಕ್ ವ್ಯಾನ್ (ಗಾರ್ಡ್ ಕೂರುವ ಕೊನೇ ಡಬ್ಬಿ), ಎರಡು ದಿನ ಸುತ್ತಿದವು. ಶನಿವಾರ ಒಂದೇ ಸಲ ಹಳಿ ತಪ್ಪಿತು. ಅದೂ ಒಬ್ಬ ಪುಟ್ಟ ಹುಡುಗ ಬೆರಳು ಹಾಕಿದ್ದಕ್ಕೆ. ಭಾನುವಾರ ಸೊನ್ನೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಾನಿರುವುದು ಇಂಗ್ಲೆಂಡಿನ ಡರ್ಬಿ ಹತ್ತಿರ. ಊರು ಅರಸೀಕೆರೆ. ಅಪ್ಪಾಜಿ ಗೂಡ್ಸ್ ಗಾರ್ಡ್ ಆಗಿದ್ದರು, ಮೀಟರ್ ಗೇಜ್ ಕಾಲದಲ್ಲಿ. ಹಾಗಾಗಿ ಬಣ್ಣಬಣ್ಣದ ಎಕ್ಸ್‌ಪ್ರೆಸ್ ಗಾಡಿಗಳು ಅಂದ್ರೆ ನನಗೆ ಅಷ್ಟಕ್ಕಷ್ಟೆ. ಗೂಡ್ಸ್ ಇರಬೇಕು, ಉದ್ದ ಇರಬೇಕು, ಕೊಳಕಾಗಿರಬೇಕು. ಇಲ್ಲಿಂದ ನಾಟಿಂಗ್‌ಹ್ಯಾಮ್ ಕಡೆ ಹೋಗುವಾಗ ಟೋಟನ್ ಯಾರ್ಡ್ ಸಿಗುತ್ತದೆ. ಒಂದು ಕಾಲಕ್ಕೆ ಸುತ್ತಲಿನ ಗಣಿಗಳ ಕಲ್ಲಿದ್ದಲು ಅಲ್ಲಿಗೆ ಬಂದು ವಿಂಗಡಣೆಯಾಗಿ ಮುಂದೆ ಹೋಗುತ್ತಿತ್ತು. ಹೊತ್ತು ತರುತ್ತಿದ್ದದ್ದು 16 ಟನ್ನಿನ ಉಕ್ಕಿನ ಮಿನರಲ್ ವ್ಯಾಗನ್. ಬ್ರಿಟಿಷ್ ರೈಲ್ವೇಸ್ ಬಳಿ ಇಂಥವು 2 ಲಕ್ಷಕ್ಕೂ ಜಾಸ್ತಿ ಇದ್ದವು. ನನಗೆ ಬೇಕಾಗಿದ್ದದ್ದು ಬರೀ 24.

ಏರ್‌ಫಿಕ್ಸ್‌ನವರು (ಬಿಡಿಭಾಗ ಅಂಟಿಸಿ ಕಟ್ಟುವ ಮಾದರಿಗಳನ್ನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ) 1960ರ ದಶಕದಲ್ಲಿ ಇದರ ಪ್ಲಾಸ್ಟಿಕ್ ಕಿಟ್ ತಂದರು. ಜೊತೆಗೆ ದನದ ವ್ಯಾಗನ್, ಮಾಂಸದ ವ್ಯಾನ್, ಎಸ್ಸೋ ಟ್ಯಾಂಕರ್, ಸಿಮೆಂಟಿನ ಪ್ರೆಸ್‌ಫ್ಲೋ ವ್ಯಾಗನ್, ಯಂತ್ರ ಹೊರುವ ತಗ್ಗಿನ ಲೋಮ್ಯಾಕ್ ವ್ಯಾಗನ್. 1981ರಲ್ಲಿ ಕಂಪನಿ ಮುಳುಗಿತು. ಅಚ್ಚುಗಳು ಕೈ ಬದಲಾಗಿ ಕೊನೆಗೆ ಡಪೋಲ್‌ಗೆ ಹೋದವು. ಈಗ ವೇಲ್ಸ್‌ನ ಚರ್ಕ್ ಊರಲ್ಲಿದೆ ಆ ಕಂಪನಿ. ನನಗೆ ಮಾತ್ರ ಹಳೇ ಪ್ಲಾಸ್ಟಿಕ್ಕೇ ಬೇಕಿತ್ತು. ಅದನ್ನು ಚಾಕುವಿನಲ್ಲಿ ಹೆರೆದರೆ ಬೆಣ್ಣೆ ಥರ ಸುರುಳಿ ಬರುತ್ತದೆ. ಇದು ನನ್ನ ಹುಚ್ಚು, ಯಾರೂ ವಾದಕ್ಕೆ ಬರಬೇಡಿ.

ಕ್ಲಬ್ಬಿನ ಹಿರಿಯರ ವಾದ ಏನಂದ್ರೆ, ಈ ಕಿಟ್‌ಗಳು ಶೋಕೇಸಿಗೆ ಸರಿ, ಓಟಕ್ಕಲ್ಲ. ನಾಲ್ಕು ಚಕ್ರದಲ್ಲಿ ಮೂರೇ ಹಳಿ ಮುಟ್ಟುತ್ತವೆ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಬೀಳುತ್ತವೆ, ರೆಡಿಮೇಡ್ ತಗೋ. ಸುಳ್ಳೇನೂ ಅಲ್ಲ. ನನ್ನ ಮೊದಲ ಆರು ವ್ಯಾಗನ್ ಹಾಗೇ ಆಗಿದ್ದವು. ಕನ್ನಡಿ ಮೇಲಿಟ್ಟರೆ ಹಳೇ ಹೋಟೆಲಿನ ಟೇಬಲ್ ಥರ ಲಟಕ್ ಲಟಕ್.

ಆ ಆರರ ಕಥೆ ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಹೇಳಿದ ಹಾಗೆ ತೆಳು ಸಾಲ್ವೆಂಟ್, ಅಂದ್ರೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ನೀರಿನಂಥ ಅಂಟು, ಬಳಸಿದೆ. ಬ್ರಷ್ ಮುಟ್ಟಿಸಿದರೆ ಸಂದಿಗೆ ಸರ್ರನೆ ಓಡುತ್ತದೆ, ಅರ್ಧ ನಿಮಿಷದಲ್ಲಿ ಹಿಡಿದುಬಿಡುತ್ತದೆ. ನೋಡೋಕೆ ಚೆಂದ. ಆದರೆ ಎರಡನೇ ಸೋಲ್‌ಬಾರ್ (ಚಕ್ರಗಳನ್ನು ಹಿಡಿಯುವ ಬದಿಯ ಉದ್ದ ಪಟ್ಟಿ) ಅಂಟಿಸುವಾಗ ಎರಡು ಆಕ್ಸಲ್‌ಗಳನ್ನೂ ಸಿಕ್ಕಿಸಿ, ಚೌಕ ನೋಡಿ, ನಾಲ್ಕು ಚಕ್ರವನ್ನೂ ನೆಲಕ್ಕೆ ಕೂರಿಸೋಕೆ ಅರ್ಧ ನಿಮಿಷ ಸಾಕಾಗುತ್ತಾ? ನನಗಂತೂ ಆಗಲಿಲ್ಲ. ಸರಿಮಾಡಲು ಹೋಗಿ ಎರಡರ ಡಬ್ಲ್ಯೂ-ಐರನ್ (ಆಕ್ಸಲ್ ಹಿಡಿಯುವ ಕಾಲು) ಮುರಿದೆ. ಒಂದರಲ್ಲಿ ಬೇರಿಂಗಿಗೆ ತೂತು ಕೊರೆಯುತ್ತಾ 2 ಮಿ.ಮೀ. ಡ್ರಿಲ್ ಬಿಟ್ಟನ್ನು ಆಕ್ಸಲ್ ಬಾಕ್ಸಿನ ಮುಖದಿಂದಲೇ ಹೊರಗೆ ತಂದೆ. ಇನ್ನೊಂದು ಯಾಕೋ ಉರುಳುವುದೇ ಇಲ್ಲ. ಬೇರಿಂಗ್ ಸರಿಯಿಲ್ಲ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ, ಎರಡು ಸಲ ಬದಲಿಸಿದೆ. ಕೊನೆಗೆ ಟಾರ್ಚ್ ಹಿಡಿದು ಕೆಳಗಿಂದ ನೋಡಿದರೆ ಬ್ರೇಕ್ ಶೂ ಚಕ್ರಕ್ಕೆ ಉಜ್ಜುತ್ತಿದೆ! ಅರ ಹಿಡಿದು ಎರಡು ಸಲ ಎಳೆದೆ, ಮುಗೀತು. ಆರು ಕಿಟ್, ಹತ್ತಿರ ಹತ್ತಿರ 25 ಪೌಂಡ್ ಹೋಯಿತು. ತಪ್ಪು ಉದ್ದದ ಆಕ್ಸಲ್ ತರಿಸಿ ಇನ್ನೊಂದು 18 ಪೌಂಡ್ ಕಳೆದುಕೊಂಡೆ. ಆ ಪ್ಯಾಕೆಟ್ ಈಗಲೂ ಡ್ರಾಯರಿನಲ್ಲಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಟ್ಯೂಬ್ ಅಂಟಿನ ಯೋಚನೆ ಬಂದದ್ದು ಸುಮ್ನೆ. ಮಗಳ ಶಾಲೆಯ ವಿಮಾನದ ಕಿಟ್ ಕಟ್ಟಲು ಒಂದು ಟ್ಯೂಬ್ ತಂದಿದ್ದೆ. ರೆಕ್ಕೆ ಅಂಟಿಸಿ ಹತ್ತು ನಿಮಿಷ ಆದರೂ ಅದು ಜೋಲುತ್ತಿತ್ತು. "ಪಪ್ಪಾ, ಇದು ಒಣಗೋದೇ ಇಲ್ಲ" ಅಂತ ಅವಳ ಗಲಾಟೆ. ಅರೆ, ನನಗೆ ಬೇಕಾಗಿದ್ದದ್ದು ಇದೇ ಅಲ್ವಾ ಅನ್ನಿಸಿತು.

ಈಗ ನನ್ನ ಕ್ರಮ ಹೀಗೆ. ಡಬ್ಲ್ಯೂ-ಐರನ್‌ಗಳ ಹಿಂಬದಿಯನ್ನು ಮೊದಲು ಅರದಿಂದ ತೆಳು ಮಾಡುತ್ತೇನೆ. ಇಲ್ಲದಿದ್ದರೆ 26 ಮಿ.ಮೀ. ಪಿನ್‌ಪಾಯಿಂಟ್ (ತುದಿ ಸೂಜಿಯಂತಿರುವ) ಆಕ್ಸಲ್ ಹಾಕಿದಾಗ ಕಾಲುಗಳು ಹೊರಕ್ಕೆ ಬಾಗುತ್ತವೆ. ಹಿತ್ತಾಳೆ ಬೇರಿಂಗ್ ಪೂರ್ತಿ ಒಳಗೆ ಕೂರಬೇಕು. ತೂತು ಕೊರೆಯುವುದು ಕೈಯಲ್ಲೇ. ಬಿಟ್ಟಿಗೆ ಟೇಪ್ ಸುತ್ತಿರುತ್ತೇನೆ, ಟೇಪ್ ಮುಟ್ಟಿದರೆ ಸ್ಟಾಪ್. ಒಂದು ಬದಿಯ ಸೋಲ್‌ಬಾರನ್ನು ತೆಳು ಸಾಲ್ವೆಂಟಿನಲ್ಲೇ ಅಂಟಿಸಿ, ಚೌಕ ನೋಡಿ, ಒಂದು ದಿನ ಪೂರ್ತಿ ಬಿಡುತ್ತೇನೆ. ಅದು ಕಲ್ಲಾಗಬೇಕು.

ಮಾರನೇ ದಿನ ಇನ್ನೊಂದು ಬದಿ. ಇಲ್ಲಿ ಟ್ಯೂಬ್ ಅಂಟು, ಕಡ್ಡಿ ತುದಿಯಲ್ಲಿ ನಾಲ್ಕೇ ಚುಕ್ಕೆ, ಸಾಸಿವೆ ಕಾಳಿನಷ್ಟು. ಚಕ್ರಗಳನ್ನು ಸಿಕ್ಕಿಸಿ ಸೋಲ್‌ಬಾರ್ ಒತ್ತುತ್ತೇನೆ. ಆಕ್ಸಲ್‌ಗೆ ಅಕ್ಕಪಕ್ಕ ಕೂದಲೆಳೆಯಷ್ಟು ಸಡಿಲ ಇರಬೇಕು. ಮೂರು ನಾಲ್ಕು ನಿಮಿಷ ಕಾಯುತ್ತೇನೆ. ಅಂಟಿನ ಮೇಲೆ ಹಾಲಿನ ಕೆನೆ ಥರ ಒಂದು ಪದರ ಬರುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಆಗ ವ್ಯಾಗನ್ ಎತ್ತಿ ನೇರ ಹಳಿ ಮೇಲಿಟ್ಟು, ಮೇಲೆ ಬೆರಳಿಟ್ಟು, ಹಿಂದೆ ಮುಂದೆ ಓಡಿಸುತ್ತೇನೆ. ಎಂಟು ಹತ್ತು ಸಲ. ಹಳಿಯನ್ನು ದಪ್ಪ ಗಾಜಿನ ಮೇಲೆ ಅಂಟಿಸಿದ್ದೇನೆ, ಒಂದು ಎಳೆಯೂ ಏರುಪೇರಿಲ್ಲ. ಮೊದಲ ಎರಡು ಸಲ ಬೆರಳಿಗೆ ಒಂದು ಸಣ್ಣ ತಡೆ ಗೊತ್ತಾಗುತ್ತದೆ. ಐದನೇ ಸಲಕ್ಕೆ ಅದು ಕರಗಿಹೋಗುತ್ತದೆ. ಆಕ್ಸಲ್‌ಗಳು ತಮ್ಮ ಜಾಗ ತಾವೇ ಹುಡುಕಿಕೊಂಡವು ಅಂತ ಅರ್ಥ. ಆಮೇಲೆ ಮೇಲೆ ನಾಣ್ಯ ಹೇರಿ, ಆ ಹಳಿಯ ಮೇಲೇ ರಾತ್ರಿಯಿಡೀ ಬಿಟ್ಟುಬಿಡುವುದು. ಬೆಳಿಗ್ಗೆ ಒಂದೊಂದು ಚಕ್ರದ ಕೆಳಗೂ ಸಿಗರೇಟ್ ಪೇಪರ್ ಇಟ್ಟು ಎಳೆದು ನೋಡುತ್ತೇನೆ. ನಾಲ್ಕೂ ಹಿಡಿದುಕೊಂಡರೆ ಪಾಸ್.

ಅಷ್ಟೇನಾ ಅನ್ನಬಹುದು. ಅಷ್ಟೇ. ಇದೇ ಕೆಲಸಕ್ಕೆ ಹಿತ್ತಾಳೆಯ ತೂಗಾಡುವ ಆಕ್ಸಲ್ ಹಿಡಿಕೆ ಹಾಕುವವರಿದ್ದಾರೆ. ಒಂದು ವ್ಯಾಗನ್ನಿಗೆ ಐದಾರು ಪೌಂಡ್ ಬೀಳುತ್ತದೆ. ಕುದುರೆಗಿಂತ ಲಾಳ ದುಬಾರಿ.

ಇಲ್ಲೂ ಒಮ್ಮೆ ಕೆಟ್ಟೆ. ಜನವರಿಯಲ್ಲಿ ಶೆಡ್ಡಿನಲ್ಲಿ ಕೂತು ಐದು ವ್ಯಾಗನ್ ಮಾಡಿದೆ. ಒಳಗೆ ನಾಲ್ಕು ಡಿಗ್ರಿ ಇತ್ತೋ ಏನೋ. ರಾತ್ರಿ ಕಳೆದರೂ ಅಂಟು ಹಸಿ. ಒಣಗಿದೆ ಅಂದುಕೊಂಡು ಎತ್ತಿದೆ, ಐದರ ಕಾಲೂ ಸೊಟ್ಟಗಾಯಿತು. ಈಗ ಚಳಿಗಾಲದಲ್ಲಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿಡುತ್ತೇನೆ. ಸೊಟ್ಟ ಸೋಲ್‌ಬಾರನ್ನು ನೆಟ್ಟಗೆ ಮಾಡೋಕೆ ಬಿಸಿನೀರಿನಲ್ಲಿ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಕಲಿತದ್ದು.

ಎಲ್ಲವೂ ಹೊಸ ಕಿಟ್ ಅಲ್ಲ. ಸೆಕೆಂಡ್ ಹ್ಯಾಂಡ್ ಟೇಬಲ್ಲಿನ ಕೆಳಗಿದ್ದ ಡಬ್ಬದಲ್ಲಿ, ಯಾರೋ ಬಾಲ್ಯದಲ್ಲಿ ಕಟ್ಟಿ ಬಣ್ಣ ಮೆತ್ತಿದ್ದ 11 ವ್ಯಾಗನ್ 8 ಪೌಂಡಿಗೆ ಸಿಕ್ಕವು. ಬಣ್ಣ ತೆಗೆಯೋಕೆ, ನಮ್ಮೆಲ್ಲರ ಮನೆಯಲ್ಲೂ ಗಾಯ ತೊಳೆಯೋಕೆ ಇಟ್ಟಿರುವ ಕಂದು ದ್ರವ, ಡೆಟಾಲ್, ಇದೆಯಲ್ಲ, ಅದರಲ್ಲಿ ಒಂದು ದಿನ ನೆನೆಸಿದೆ. ಬಣ್ಣ ಮೆತ್ತಗಾಯಿತು. ಖುಷಿಯಲ್ಲಿ ನಲ್ಲಿ ಕೆಳಗೆ ಹಿಡಿದೆ ನೋಡಿ, ಕರಗಿದ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟಿಕೊಂಡಿತು. ವ್ಯಾಗನ್ನಿಗೂ, ಕೈಗೂ, ಸಿಂಕಿಗೂ. ನೀರು ತಾಗಿಸದೆ ಮೊದಲು ಅದೇ ದ್ರವದಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಬೇಕು. ಪೂರ್ತಿ ಬಿಟ್ಟ ಮೇಲೆ ನೀರು. ವಾರವಿಡೀ ಮನೆ ಆಸ್ಪತ್ರೆ ವಾಸನೆ. ಹಳೇ ಅಂಟಿನ ಜೋಡಣೆ ಬಿಡಿಸೋಕೆ ಫ್ರೀಜರಿನಲ್ಲೂ ಇಟ್ಟಿದ್ದೆ. ಅರ್ಧಕ್ಕರ್ಧ ಟಕ್ ಅಂತ ಬಿಟ್ಟವು. ಚೆನ್ನಾಗಿ ಕರಗಿ ಬೆಸೆದುಕೊಂಡವು ಬಿಡಲಿಲ್ಲ. ಅಂಥ ಒಂದು ಒಡೆದೇ ಹೋಯಿತು. ಹತ್ತು ಉಳಿದವು.

ಇನ್ನು ತೂಕ. ಖಾಲಿ ವ್ಯಾಗನ್ ಇಪ್ಪತ್ತು ಗ್ರಾಂ ಕೂಡ ತೂಗುವುದಿಲ್ಲ. ಆಕ್ಸಲ್ಲಿಗೆ 25 ಗ್ರಾಂ, ಒಟ್ಟು 50, ಇದು ಇಲ್ಲಿನವರ ಲೆಕ್ಕ. ಅಂಗಡಿಯಲ್ಲಿ ಭಾರ ಕೊಳ್ಳೋಕೆ ಹೋಗಬೇಡಿ. ಇಲ್ಲಿನ 2 ಪೆನ್ನಿ ನಾಣ್ಯ 7 ಗ್ರಾಂ ಚಿಲ್ಲರೆ. ಒಂದರ ಮೇಲೊಂದು ಎರಡು, ಪಕ್ಕದಲ್ಲಿ ಇನ್ನೆರಡು, ಕಲ್ಲಿದ್ದಲಿನ ಕೆಳಗೆ ಮುಚ್ಚಿಹೋಗುತ್ತವೆ. ಮೇಲಿನ ಲೋಡೂ ಸೇರಿದರೆ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಒಂದು ವ್ಯಾಗನ್ನಿಗೆ ಎಂಟು ಪೆನ್ನಿ! ವ್ಯಾಗನ್ ಜೋಡಿಸೋಕೆ ಮ್ಯಾಗ್ನೆಟ್ ಕಪ್ಲಿಂಗ್ (ಕೊಂಡಿ) ಇರುವವರು ಮಾತ್ರ 1992ಕ್ಕಿಂತ ಹಳೇ ನಾಣ್ಯ ಆರಿಸಿ. ಅವು ಕಂಚಿನವು. ಆಮೇಲಿನವು ತಾಮ್ರ ಲೇಪಿಸಿದ ಉಕ್ಕು, ಅಯಸ್ಕಾಂತಕ್ಕೆ ಅಂಟುತ್ತವೆ.

ಭಾರಕ್ಕೆ ಸೀಸದ ಗುಂಡು ಮತ್ತು ಮರಕ್ಕೆ ಹಾಕುವ ಬಿಳಿ ಅಂಟು ಒಟ್ಟಿಗೆ ಮಾತ್ರ ಬೇಡ. ಮೊದಲು ಕಟ್ಟಿದ್ದ ಟ್ಯಾಂಕರಿನ ಹೊಟ್ಟೆಗೆ ಅದೇ ತುಂಬಿದ್ದೆ. ಒಂದೂವರೆ ವರ್ಷ ಚೆನ್ನಾಗಿತ್ತು. ಒಂದು ದಿನ ನೋಡಿದರೆ ಹೊಲಿಗೆ ಬಿಟ್ಟು ಬಿರುಕು, ಒಳಗಿಂದ ಬಿಳೀ ಪುಡಿ ಇಣುಕುತ್ತಿದೆ. ಸೀಸ ಆ ಅಂಟಿನ ಜೊತೆ ಸೇರಿ ಕಿಲುಬು ಹಿಡಿದು ಊದಿಕೊಳ್ಳುತ್ತದೆ. ಆ ಪುಡಿ ವಿಷ ಬೇರೆ. ಗ್ಲೌಸ್ ಹಾಕಿಕೊಂಡು ಇಡೀ ಟ್ಯಾಂಕರನ್ನೇ ಚೀಲಕ್ಕೆ ಕಟ್ಟಿ ಬಿಸಾಕಿದೆ.

ಕಲ್ಲಿದ್ದಲಿಗೆ ಮೊದಲು ಸಾಸಿವೆಗೆ ಕಪ್ಪು ಬಣ್ಣ ಹಚ್ಚಿ ಪ್ರಯೋಗ ಮಾಡಿದ್ದೂ ಉಂಟು. ಅಗ್ಗ, ಮನೆಯಲ್ಲೇ ಇತ್ತು. ಕಾಳು ಗುಂಡಗೆ, ಕಲ್ಲಿದ್ದಲಿನ ಹಾಗೆ ಕಾಣಲೇ ಇಲ್ಲ. ಮೇಲಾಗಿ ನೀರು ಬೆರೆಸಿದ ಅಂಟು ಹಾಕಿದ್ದೆ, ಬಣ್ಣ ತಾಗದ ಎರಡು ಕಾಳು ನಾಲ್ಕನೇ ದಿನ ಮೊಳಕೆ ಒಡೆದವು. ಕೊನೆಗೆ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಟೀ ಜರಡಿಯಲ್ಲಿ ಸೋಸಿದೆ. "ರೀ, ಅದು ನಾನು ಶುಂಠಿ ಕುಟ್ಟೋ ಕಲ್ಲು" ಅಂತ ಹೆಂಡತಿ ಬಂದು ನಿಂತಳು. ಹೊಸ ಕುಟ್ಟಾಣಿ 12 ಪೌಂಡ್. ಇದನ್ನು ವ್ಯಾಗನ್ ಖರ್ಚಿಗೆ ಸೇರಿಸಿಲ್ಲ.

ತುಕ್ಕಿಗೆ ಉಪ್ಪು. ಕೆಂಗಂದು ಬಣ್ಣ ಒಣಗಿದ ಮೇಲೆ ಒದ್ದೆ ಮಾಡಿ ಪುಡಿ ಉಪ್ಪು ಉದುರಿಸಿ, ಮೇಲೆ ಬೂದು ಬಣ್ಣ ಊದಿ, ಒಣಗಿದ ಮೇಲೆ ಉಜ್ಜಿ ತೆಗೆದರೆ ತುಕ್ಕಿನ ತೇಪೆಗಳು ಕಾಣುತ್ತವೆ. ಎಲ್ಲರಿಗೂ ಗೊತ್ತಿರುವುದೇ. ನನ್ನ ಬೂದು ಬಣ್ಣದ ಮಿಶ್ರಣ ಎಷ್ಟೆಷ್ಟು ಅಂತ ಕ್ಲಬ್ಬಿನಲ್ಲಿ ಮೂವರು ಕೇಳಿದ್ದಾರೆ. ಕೇಳಲಿ. ಬದಿಯ ಓರೆ ಬಿಳಿ ಪಟ್ಟೆಯನ್ನು ಮಾತ್ರ ಎಚ್ಚರದಿಂದ ಬಳಿಯಿರಿ. ತುದಿಯ ಬಾಗಿಲು ಯಾವ ಕಡೆ ಅಂತ ಅದು ಹೇಳುತ್ತದೆ. ನಾನು ಎರಡರಲ್ಲಿ ಉಲ್ಟಾ ಬಳಿದು, ಒಬ್ಬ ಅಜ್ಜ ಕನ್ನಡಕ ಏರಿಸಿ ತೋರಿಸಿದ ಮೇಲೆ ಅಳಿಸಿದೆ.

ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಕಟ್ಟದ ಕಿಟ್ 14, ಒಂದಕ್ಕೆ ನಾಲ್ಕು ಪೌಂಡಿನಂತೆ 56. ಡಬ್ಬದ ವ್ಯಾಗನ್‌ಗಳಿಗೆ 8. ಬ್ರೇಕ್ ವ್ಯಾನ್ 5. ಲೋಹದ ಚಕ್ರ ಐವತ್ತು ಆಕ್ಸಲ್, 60ರ ಮೇಲೆ. ಬೇರಿಂಗ್ 7, ಬಣ್ಣ, ಅಂಟು, ವ್ಯಾಗನ್ ಮೇಲಿನ ಅಕ್ಷರ ಎಲ್ಲ ಸೇರಿ 35. ಒಟ್ಟು 170 ಚಿಲ್ಲರೆ, ತಲೆಗೆ ಏಳು ಪೌಂಡ್. ಅಂಗಡಿಯ ರೆಡಿಮೇಡ್ ಒಂದಕ್ಕೇ ಇಪ್ಪತ್ತು ದಾಟುತ್ತದೆ. ಹಾಳು ಮಾಡಿದ್ದನ್ನು ಸೇರಿಸಿದರೂ ನಾನೇ ಗೆದ್ದೆ. ಗಂಟೆಗಳ ಲೆಕ್ಕ ಕೇಳಬೇಡಿ.

ಪರೀಕ್ಷೆ ಮಾಡಿದ್ದು ಒಂದು ಮೀಟರ್ ಹಲಗೆಯಲ್ಲಿ. ಒಂದು ತುದಿ ಎತ್ತುತ್ತಾ ಹೋಗುವುದು, ವ್ಯಾಗನ್ ತಾನೇ ಹೊರಟಾಗ ನಿಲ್ಲಿಸಿ ಅಳೆಯುವುದು. ಮೊದಲಿನ ಆರರಲ್ಲಿ ಉಳಿದವಕ್ಕೆ ಆರು ಸೆಂಟಿಮೀಟರ್ ಬೇಕಾಗಿತ್ತು. ಈಗಿನವು ಒಂದೂವರೆಗೇ ಹೊರಡುತ್ತವೆ. ಪ್ರದರ್ಶನದಲ್ಲಿ ಎಳೆದದ್ದು ಕ್ಲಬ್ಬಿನ 9ಎಫ್, ಗೂಡ್ಸ್ ಎಳೆಯುವ ಸ್ಟೀಮ್ ಎಂಜಿನ್ನಿನ ಮಾದರಿ. ಟ್ಯೂಬ್ ಅಂಟು ಅಂತ ನಕ್ಕಿದ್ದ ಹಿರಿಯರೇ ಭಾನುವಾರ ಮಧ್ಯಾಹ್ನ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಯಾವ ಟ್ಯೂಬ್ ಅದು?" ಅಂದರು.

ಸಂಜೆ ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿ ಗಾಡಿ ತೋರಿಸಿದೆ. 24 ವ್ಯಾಗನ್ ಕಣ್ಮುಂದೆ ಹೋದವು, ಏನೂ ಅನ್ನಲಿಲ್ಲ. ಬ್ರೇಕ್ ವ್ಯಾನ್ ಬಂದಾಗ ಫೋನ್ ಹತ್ತಿರ ತಂದುಕೊಂಡರು. "ಟೇಲ್ ಲ್ಯಾಂಪ್ ಎಲ್ಲೋ? ಕೊನೇ ಡಬ್ಬಿಗೆ ದೀಪ ಇಲ್ದೆ ಗಾಡಿ ಬಿಟ್ಟಿದ್ದೀಯಲ್ಲ!" ಎರಡು ದಿನ, ಅಷ್ಟು ಜನ ನೋಡಿದ್ದರು, ಒಬ್ಬರೂ ಹೇಳಿರಲಿಲ್ಲ. ಈಗ ಹಿಂದೊಂದು ಟೇಲ್ ಲ್ಯಾಂಪ್, ಅಕ್ಕಪಕ್ಕ ಎರಡು ಸೈಡ್ ಲ್ಯಾಂಪ್ ಹಾಕಿದ್ದೇನೆ. ಸೂಜಿ ತುದಿಯಲ್ಲಿ ಕೆಂಪು ಇಟ್ಟೆ. ಇದಕ್ಕೆ ಮಾತ್ರ ತೆಳು ಸಾಲ್ವೆಂಟೇ ಬಳಸಿದ್ದು.